ಯಾರಿಗೆ ಯಾವ ಇಂಗ್ಲಿಷ್ ಪಾಠ? ವಯಸ್ಕ ಕಲಿಕಾರ್ಥಿಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಇಂಗ್ಲಿಷ್ ಕಲಿಯಲು ಹೊರಟ ವಯಸ್ಕರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಕ್ಲಾಸ್ ಚೆನ್ನಾಗಿದೆ?’ ಎಂಬುದೇ ಆಗಿರುತ್ತದೆ. ಈ ಪ್ರಶ್ನೆಗೆ ಹಾಗೆಯೇ ಉತ್ತರ ಕೊಡಲು ಬರುವುದಿಲ್ಲ. ಬೆಂಗಳೂರಿನ ವಿಜಯನಗರದಲ್ಲಾಗಲಿ ಧಾರವಾಡದಲ್ಲಾಗಲಿ ಸಂಜೆಯ ಸ್ಪೋಕನ್ ಇಂಗ್ಲಿಷ್ ಬ್ಯಾಚಿನಲ್ಲಿ ಕುಳಿತವರನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಬ್ರಿಟನ್ನಿನ ಆಸ್ಪತ್ರೆಗೆ ಅರ್ಜಿ ಹಾಕಬೇಕೆಂದಿರುವ ನರ್ಸ್, ಯುಪಿಎಸ್‌ಸಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಲಿರುವ ಪದವೀಧರ, ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಬಾಯಿ ಬಿಡಲು ಹಿಂಜರಿಯುವ ತಾಯಿ, ಗಿರಾಕಿ ಕಂಪನಿಗೆ ದಿನವೂ ಇಮೇಲ್ ಬರೆಯಬೇಕಾದ ಕಾರ್ಖಾನೆಯ ಸೂಪರ್‌ವೈಸರ್, ಹೀಗೆ ನಾಲ್ಕು ದಿಕ್ಕಿಗೆ ಹೊರಟವರು ಬೋರ್ಡಿನ ಮೇಲಿನ ಒಂದೇ ‘ಪಾಸ್ಟ್ ಪರ್ಫೆಕ್ಟ್ ಟೆನ್ಸ್’ ಅನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿರುತ್ತಾರೆ. ಆ ದಿನದ ಪಾಠ ಈ ನಾಲ್ವರಲ್ಲಿ ಒಬ್ಬರಿಗಾದರೂ ನೇರವಾಗಿ ಉಪಯೋಗಕ್ಕೆ ಬಂದೀತೆಂದು ಹೇಳುವುದು ಕಷ್ಟ.

ಆದ್ದರಿಂದ ಇಲ್ಲಿ ಸಂಸ್ಥೆ ಸಂಸ್ಥೆಗಳ ನಡುವೆ ಹೋಲಿಕೆ ಮಾಡುತ್ತಿಲ್ಲ; ಪಾಠದ ಬಗೆಗಳನ್ನು ಹೋಲಿಸುತ್ತಿದ್ದೇನೆ. ಕಲಿಯುವವರ ಸ್ವಂತ ಉದ್ದೇಶಕ್ಕೆ ತಕ್ಕಂತೆ ಆ ಪಾಠ ಎಷ್ಟರ ಮಟ್ಟಿಗೆ ಬದಲಾಗಬಲ್ಲದು ಎಂಬುದೊಂದೇ ಇಲ್ಲಿನ ಅಳತೆಗೋಲು. ಮುಖ್ಯವಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದ್ದು 2007-08ರಲ್ಲಿ. ಅದಕ್ಕೂ ಮುಂಚೆ ಶಾಲೆಗೆ ಹೋದವರಲ್ಲಿ ಬಹುಮಂದಿ 5ನೇ ತರಗತಿಯಲ್ಲಿ ಎಬಿಸಿಡಿ ಹಿಡಿದವರು. ಹಾಗೆಂದು ಅವರು ಏನೂ ಬಾರದವರಲ್ಲ. ಸಾವಿರಾರು ಪದಗಳು ಗೊತ್ತಿರುತ್ತವೆ, ಅಂಗಡಿ ಬೋರ್ಡು, ಬ್ಯಾಂಕಿನ ಚಲನ್, ಮೊಬೈಲಿನ ಸಂದೇಶ ಎಲ್ಲವೂ ಅರ್ಥವಾಗುತ್ತವೆ, ಎಸ್ಸೆಸ್ಸೆಲ್ಸಿಗೆ ಉರುಹೊಡೆದ ಪತ್ರಲೇಖನ ಇನ್ನೂ ನೆನಪಿರುತ್ತದೆ. ಬಾರದಿರುವುದು ಬೇಕಾದ ಹೊತ್ತಿಗೆ ಬಾಯಿಗೋ ಕೈಗೋ ಬರುವ ವಾಕ್ಯ. ಇಂಥವರನ್ನು ಮತ್ತೆ ನಾಮಪದ, ಸರ್ವನಾಮಗಳಿಂದ ಆರಂಭಿಸಿದರೆ ಮೊದಲ ತಿಂಗಳು ವ್ಯರ್ಥ, ಎರಡನೆಯ ತಿಂಗಳು ಕುರ್ಚಿ ಖಾಲಿ.

ಮೊದಲು ಉದ್ದೇಶವನ್ನು ಬರೆದಿಡಿ

‘ಇಂಗ್ಲಿಷ್ ಫ್ಲುಯೆಂಟಾಗಿ ಬರಬೇಕು’ ಎಂಬುದು ಉದ್ದೇಶವಲ್ಲ, ಆಸೆ. ಆಸೆಯನ್ನು ಉದ್ದೇಶವಾಗಿಸಲು ಕೆಲವು ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಬರೆಯಬೇಕು. ಯಾರ ಜೊತೆ ಇಂಗ್ಲಿಷ್ ಬೇಕಾಗಿದೆ? ಮಾತಿನಲ್ಲೋ ಬರಹದಲ್ಲೋ? ಯಾವ ವಿಷಯದ ಬಗ್ಗೆ? ಎಂದಿನೊಳಗೆ? ಕೊನೆಯಲ್ಲಿ ‘ಇವರಿಗೆ ಬರುತ್ತದೆ’ ಎಂದು ತೀರ್ಮಾನಿಸುವವರು ಯಾರು: ಪರೀಕ್ಷಕರೇ, ಸಂದರ್ಶನ ಮಾಡುವವರೇ, ಗಿರಾಕಿಯೇ, ಅಥವಾ ಸ್ವತಃ ನೀವೇ? ಈ ಕೊನೆಯ ಪ್ರಶ್ನೆಯನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಪಾಠದ ಆಯ್ಕೆಯನ್ನು ನಿರ್ಧರಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಅದೇ. ಅಂಕ ಕೊಡುವವರು ಪರೀಕ್ಷಕರಾದರೆ ಅವರ ಅಂಕಪಟ್ಟಿಯ ಕ್ರಮವೇ ನಿಮ್ಮ ಪಠ್ಯಕ್ರಮ. ತೀರ್ಮಾನಿಸುವವರು ಕೊಡಗಿನ ಹೋಂಸ್ಟೇಗೆ ಬರುವ ಅತಿಥಿಗಳಾದರೆ ವ್ಯಾಕರಣದ ಸಣ್ಣ ತಪ್ಪುಗಳು ಲೆಕ್ಕಕ್ಕೇ ಬರುವುದಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಳೆಗಾಲದಲ್ಲಿ ಜಿಗಣೆ ಇರುತ್ತವೆಯೇ, ಫೋನಿಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಹೇಳಿದರೆ ಮುಗಿಯಿತು. ಅಂಥವರಿಗೆ ಆರು ತಿಂಗಳ ಕೋರ್ಸ್ ಬೇಕಿಲ್ಲ, ಹತ್ತು ಹದಿನೈದು ಸಂಭಾಷಣೆಗಳ ಗಟ್ಟಿ ಅಭ್ಯಾಸ ಸಾಕು.

ಈ ಹಾಳೆಯನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಆಯ್ಕೆಗಳನ್ನು ನೋಡಬೇಕು.

ಸ್ಪೋಕನ್ ಇಂಗ್ಲಿಷ್ ಬ್ಯಾಚ್

ಅತ್ಯಂತ ಸುಲಭವಾಗಿ ಸಿಗುವ, ಶುಲ್ಕ ಕಡಿಮೆಯಿರುವ ಆಯ್ಕೆ ಇದು. ಇದನ್ನು ತೂಗಿ ನೋಡಲು ಸಣ್ಣ ಲೆಕ್ಕವೊಂದನ್ನು ಮಾಡಿಕೊಳ್ಳಬಹುದು. ಬ್ಯಾಚಿನಲ್ಲಿ 20 ಜನರಿದ್ದು, 1 ಗಂಟೆಯ ತರಗತಿಯಲ್ಲಿ ಅರ್ಧ ಗಂಟೆ ಶಿಕ್ಷಕರೇ ಮಾತಾಡಿ, ಉಳಿದ 30 ನಿಮಿಷವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬರ ಪಾಲಿಗೆ ಒಂದೂವರೆ ನಿಮಿಷ. 60 ಗಂಟೆಗಳ ಇಡೀ ಕೋರ್ಸಿನಲ್ಲಿ ನೀವು ಇಂಗ್ಲಿಷ್ ಮಾತಾಡುವುದು ಒಟ್ಟು 90 ನಿಮಿಷ. ಒನ್ ಟು ಒನ್ ಪಾಠದಲ್ಲಿ ಶಿಕ್ಷಕರು ಅರ್ಧ ಸಮಯ ಮಾತಾಡಿದರೂ ಇದೇ 90 ನಿಮಿಷ 3 ಗಂಟೆಗಳಲ್ಲಿ ದಕ್ಕುತ್ತದೆ. ಆದ್ದರಿಂದ ಶುಲ್ಕವನ್ನು ತರಗತಿಯ ಗಂಟೆಗಳಿಂದ ಭಾಗಿಸುವ ಬದಲು ನೀವು ಮಾತಾಡುವ ನಿಮಿಷಗಳಿಂದ ಭಾಗಿಸಿ ನೋಡಿ. ಅಗ್ಗದ ಬ್ಯಾಚ್ ಎಷ್ಟೋ ಸಲ ದುಬಾರಿಯೆಂದು ತೇಲುತ್ತದೆ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ಬ್ಯಾಚ್ ನಡೆಸುವ ಒಳ್ಳೆಯ ಶಿಕ್ಷಕರಿಗೆ ಅನ್ಯಾಯವಾಗುತ್ತದೆ. ಆ 30 ನಿಮಿಷಗಳಲ್ಲಿ ಕಲಿಯುವವರನ್ನು ಇಬ್ಬಿಬ್ಬರ ಜೋಡಿಗಳಾಗಿ ಕೂರಿಸಿ, ಎಲ್ಲ 10 ಜೋಡಿಗಳೂ ಏಕಕಾಲಕ್ಕೆ ಮಾತಾಡುವಂತೆ ಮಾಡಿದರೆ ಪ್ರತಿಯೊಬ್ಬರಿಗೂ 15 ನಿಮಿಷ ಸಿಗುತ್ತದೆ, ಅಂದರೆ ಹತ್ತು ಪಟ್ಟು. ಹೀಗಾಗಿ ‘ಬ್ಯಾಚಿನಲ್ಲಿ ಎಷ್ಟು ಜನ?’ ಎಂದು ಕೇಳುವುದಕ್ಕಿಂತ ‘ಜೋಡಿಯಾಗಿ ಮಾತಾಡಿಸುತ್ತೀರಾ, ಎಷ್ಟು ಹೊತ್ತು?’ ಎಂದು ಕೇಳುವುದು ಮೇಲು. ಡೆಮೊ ತರಗತಿಗೆ ಹೋದಾಗ ಕೋಣೆ ಗದ್ದಲವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಶಿಕ್ಷಕರ ಧ್ವನಿ ಮಾತ್ರ ಕೇಳಿಸುತ್ತಿದ್ದರೆ, ಅವರ ಇಂಗ್ಲಿಷ್ ಎಷ್ಟೇ ಸೊಗಸಾಗಿರಲಿ, ಅಭ್ಯಾಸ ಆಗುತ್ತಿರುವುದು ಅವರಿಗೆ.

ಬ್ಯಾಚ್ ಯಾರಿಗೆ ಒಪ್ಪುತ್ತದೆ? ಮುಖ್ಯ ಅಡ್ಡಿ ಭಾಷೆಗಿಂತ ಅಂಜಿಕೆಯಾಗಿರುವವರಿಗೆ. ನಾಲ್ಕು ಜನರೆದುರು ತಪ್ಪು ಮಾತಾಡಿ, ಯಾರೂ ನಗಲಿಲ್ಲ ಎಂದು ಕಂಡುಕೊಳ್ಳುವುದು ಬ್ಯಾಚಿನಲ್ಲಿ ಮಾತ್ರ ಸಾಧ್ಯ. ಒನ್ ಟು ಒನ್ ಪಾಠದಲ್ಲಿ ನಾಲ್ಕು ಜನರೇ ಇರುವುದಿಲ್ಲ. ಗ್ರೂಪ್ ಡಿಸ್ಕಷನ್ ಇರುವ ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವ ಯುವಕ ಯುವತಿಯರಿಗೂ ಇದು ಸೂಕ್ತ. ಉದ್ದೇಶ ಕಿರಿದಾಗಿ, ನಿಖರವಾಗಿ ಇರುವವರಿಗೆ ಇದು ಒಪ್ಪುವುದಿಲ್ಲ.

ಒನ್ ಟು ಒನ್ ಪಾಠ

ಕಿರಿದಾದ ಉದ್ದೇಶಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದೇ ನನ್ನ ನಂಬಿಕೆ. ಆದರೆ ಶಿಕ್ಷಕರೊಬ್ಬರು ಎದುರಿಗೆ ಕುಳಿತ ಮಾತ್ರಕ್ಕೆ ಪಾಠ ನಿಮ್ಮದಾಗುವುದಿಲ್ಲ. ಬ್ಯಾಚಿಗೆ ಮಾಡುವ ಪಾಠವನ್ನೇ ಒಬ್ಬರಿಗೆ ಮಾಡಿ ನಾಲ್ಕು ಪಟ್ಟು ಶುಲ್ಕ ಪಡೆಯುವವರೂ ಇದ್ದಾರೆ. ಪಾಠ ನಿಮ್ಮ ಉದ್ದೇಶಕ್ಕೆ ತಕ್ಕಂತಿದೆಯೇ ಎಂದು ತಿಳಿಯಲು ಒಂದೇ ಗುರುತು ಸಾಕು: ಪಾಠದ ಸಾಮಗ್ರಿ ಎಲ್ಲಿಂದ ಬರುತ್ತಿದೆ? ಶಿಕ್ಷಕರ ಪುಸ್ತಕದಿಂದಲೋ, ನಿಮ್ಮ ಕೆಲಸದಿಂದಲೋ?

ಪೀಣ್ಯ ಕೈಗಾರಿಕಾ ಪ್ರದೇಶದ ಮೆಷಿನ್ ಶಾಪಿನ ಸೂಪರ್‌ವೈಸರ್ ಒಬ್ಬರನ್ನು ಊಹಿಸಿಕೊಳ್ಳೋಣ. ಪುಣೆಯಲ್ಲಿರುವ ಗಿರಾಕಿ ಕಂಪನಿಗೆ ಅವರು ಪ್ರತಿದಿನ ಇಮೇಲ್ ಬರೆಯಬೇಕು. ಒಳ್ಳೆಯ ಶಿಕ್ಷಕರು ಮೊದಲ ದಿನವೇ ಅವರಿಂದ ಇತ್ತೀಚಿನ ಹತ್ತು ಇಮೇಲ್‌ಗಳನ್ನು, ಕಂಪನಿಯ ಹೆಸರು ಮತ್ತು ಬೆಲೆಗಳನ್ನು ಅಳಿಸಿ, ತರಲು ಹೇಳುತ್ತಾರೆ. ಹತ್ತನ್ನೂ ಮೇಜಿನ ಮೇಲೆ ಹರಡಿದರೆ ಕಾಣಿಸುವುದು ಇಷ್ಟು: ಪ್ರತಿಯೊಂದೂ ‘ಪ್ಲೀಸ್ ಡೂ ದ ನೀಡ್‌ಫುಲ್’ ಎಂದು ಮುಗಿಯುತ್ತದೆ, ಏನು ಮಾಡಬೇಕೆಂದು ಯಾವುದರಲ್ಲೂ ಇಲ್ಲ. ಆಗ ಶಿಕ್ಷಕರು ಪೆನ್ನು ಕೆಳಗಿಡಿಸಿ, ‘ಅವರು ಏನು ಮಾಡಬೇಕೆಂದು ನಿಮಗೆ ಬೇಕಾಗಿತ್ತು? ಕನ್ನಡದಲ್ಲಿ ಹೇಳಿ’ ಎನ್ನುತ್ತಾರೆ. ‘ಶಾಫ್ಟಿನ ಹೊಸ ಡ್ರಾಯಿಂಗ್ ಬುಧವಾರದೊಳಗೆ ಕಳಿಸಿದರೆ ಶುಕ್ರವಾರ ಲಾಟ್ ಡಿಸ್ಪ್ಯಾಚ್ ಮಾಡ್ತೀವಿ, ಇಲ್ಲಾಂದ್ರೆ ಆಗಲ್ಲ’ ಎಂದು ಅವರು ಒಂದೇ ಉಸಿರಿಗೆ ಹೇಳುತ್ತಾರೆ. ಇಲ್ಲಿ ವಿಷಯ ಸ್ಪಷ್ಟವಾಗಿದೆ, ಗಡುವು ಇದೆ, ಪರಿಣಾಮವೂ ಇದೆ. ಇನ್ನು ಬೇಕಾಗಿರುವುದು ‘ಇಫ್’ನಿಂದ ಆರಂಭವಾಗುವ ಒಂದು ವಾಕ್ಯ, ‘ಬೈ ವೆಡ್ನೆಸ್‌ಡೇ’ ಎಂಬ ಎರಡು ಪದ. ಅಂದಿನ ವ್ಯಾಕರಣ ಪಾಠ ಅದೇ. ವಾರ ಕಳೆಯುವುದರೊಳಗೆ ತಡವಾದುದನ್ನು ತಿಳಿಸುವುದು, ರಿಜೆಕ್ಟ್ ಆದ ಪೀಸ್‌ಗಳ ಕಾರಣ ಹೇಳುವುದು, ಬಾಕಿ ಹಣ ನೆನಪಿಸುವುದು ಮುಂತಾಗಿ ಹತ್ತು ಹನ್ನೆರಡು ಮಾದರಿ ವಾಕ್ಯಗಳು ತಯಾರಾಗುತ್ತವೆ. ಆ ಕೆಲಸದ ಇಮೇಲ್‌ಗಳಲ್ಲಿ ಬಹುಪಾಲು ಅವುಗಳಲ್ಲೇ ಮುಗಿಯುತ್ತವೆ. ಆ ಮನುಷ್ಯರಿಗೆ ಪಾಸ್ಟ್ ಪರ್ಫೆಕ್ಟ್ ಯಾವಾಗ ಬೇಕಾಗುತ್ತದೆಯೋ ಆಗ ಕಲಿಸಿದರಾಯಿತು.

ಈ ಆಯ್ಕೆಯ ಕೊರತೆಗಳೆಂದರೆ ಹಣ, ಮತ್ತು ಒಬ್ಬರೇ ಶಿಕ್ಷಕರ ಉಚ್ಚಾರಣೆಗೆ ಕಿವಿ ಹೊಂದಿಕೊಂಡುಬಿಡುವುದು. ಎರಡನೆಯದಕ್ಕೆ ಪರಿಹಾರ ಸುಲಭ: ಮನೆಯಲ್ಲಿ ಬೇರೆ ಬೇರೆ ಧ್ವನಿಗಳನ್ನು ಕೇಳುವುದು. ಬಿಬಿಸಿಯ ಇಂಗ್ಲಿಷ್ ಕಲಿಕೆಯ ಜಾಲತಾಣದಲ್ಲಿ ಆರು ನಿಮಿಷದ ಸಂಭಾಷಣೆಗಳು ಪೂರ್ತಿ ಲಿಖಿತ ಪಠ್ಯದೊಂದಿಗೆ ಉಚಿತವಾಗಿ ಸಿಗುತ್ತವೆ. ಹಣದ ಸಮಸ್ಯೆಗೆ, ಒಂದೇ ಉದ್ದೇಶವಿರುವ ಇಬ್ಬರು ಮೂವರು ಸೇರಿ ಶಿಕ್ಷಕರನ್ನು ಗೊತ್ತುಮಾಡಿಕೊಳ್ಳುವುದು ಒಂದು ಉಪಾಯ. ಒಂದೇ ಆಸ್ಪತ್ರೆಯ ಮೂವರು ನರ್ಸ್‌ಗಳು ಒಂದೇ ಊರಿನ ಮೂವರು ಅಪರಿಚಿತರಿಗಿಂತ ಒಳ್ಳೆಯ ಗುಂಪು.

ಆನ್‌ಲೈನೋ ಎದುರುಬದುರೋ ಎಂಬ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ಉದ್ದೇಶ ಜೂಮ್ ಸಭೆಯಲ್ಲಿ ಮಾತಾಡುವುದಾದರೆ ಆನ್‌ಲೈನ್ ಪಾಠವೇ ಸರಿಯಾದ ಅಭ್ಯಾಸ. ಕೌಂಟರಿನಲ್ಲಿ ನಿಂತು ಗಿರಾಕಿಯೊಡನೆ ಮಾತಾಡುವುದಾದರೆ ಎದುರುಬದುರು ಕುಳಿತ ಪಾಠ ಮೇಲು.

ಪರೀಕ್ಷೆಗಾಗಿ ಕಲಿಯುವವರು

ತಪ್ಪು ಆಯ್ಕೆಯಿಂದ ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿ. ‘ಫಾರಿನ್ ಅಂದರೆ ಐಇಎಲ್‌ಟಿಎಸ್’ (9 ಬ್ಯಾಂಡುಗಳ ಅಳತೆಯಲ್ಲಿ ಅಂಕ ಕೊಡುವ ಅಂತರರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆ) ಎಂಬ ತಿಳಿವಳಿಕೆ ಎಷ್ಟು ಬೇರೂರಿದೆಯೆಂದರೆ, ತಮಗೆ ಬೇಕಾದ ಪರೀಕ್ಷೆ ಅದೇ ಹೌದೇ ಎಂದು ನೋಡುವ ಮೊದಲೇ ಜನ ಕೋಚಿಂಗಿಗೆ ಸೇರಿಬಿಡುತ್ತಾರೆ.

ಐಇಎಲ್‌ಟಿಎಸ್‌ನಲ್ಲೇ ಮುಖ್ಯವಾಗಿ ಎರಡು ಬಗೆಗಳಿವೆ. ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ ಅಕಾಡೆಮಿಕ್. ಕೆನಡಾದಂಥ ದೇಶಕ್ಕೆ ವಲಸೆ ಹೋಗುವವರಿಗೆ ಜನರಲ್ ಟ್ರೈನಿಂಗ್. ಕೇಳುವ ಮತ್ತು ಮಾತಾಡುವ ಭಾಗಗಳು ಎರಡರಲ್ಲೂ ಒಂದೇ, ಓದು ಮತ್ತು ಬರಹ ಬೇರೆ. ಅಕಾಡೆಮಿಕ್‌ನ ಮೊದಲ ಬರಹದಲ್ಲಿ ಒಂದು ನಕ್ಷೆಯನ್ನೋ ಅಂಕಿಅಂಶಗಳ ಚಿತ್ರವನ್ನೋ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು, ಜನರಲ್‌ನಲ್ಲಿ ಅದೇ ಜಾಗದಲ್ಲಿ ಒಂದು ಪತ್ರ ಬರೆಯಬೇಕು. ಎರಡರಲ್ಲೂ ಕನಿಷ್ಠ 250 ಪದಗಳ ಪ್ರಬಂಧವೊಂದು ಇರುತ್ತದೆ. ಎರಡೂ ಬಗೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಬರಹ ಕಲಿಸುವ ಕಡೆ, ಒಂದು ಗುಂಪು ಯಾವಾಗಲೂ ಇನ್ನೊಂದು ಗುಂಪಿನ ಪಾಠವನ್ನು ನೋಡುತ್ತ ಕುಳಿತಿರುತ್ತದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯ ಲೆಕ್ಕಾಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿನ ಭಾಷಾ ಮಾನದಂಡದ 9ನೇ ಹಂತಕ್ಕೆ ಓದು, ಬರಹ, ಮಾತುಗಳಲ್ಲಿ 7 ಬ್ಯಾಂಡ್ ಸಾಕು, ಆದರೆ ಕೇಳುವುದರಲ್ಲಿ 8 ಬೇಕು. ಬರಹಕ್ಕೇ ಎಲ್ಲ ಸಮಯ ಕೊಟ್ಟು ಕಿವಿಯ ಅಭ್ಯಾಸವನ್ನು ಹಗುರವಾಗಿ ಕಂಡವರು ಇಲ್ಲಿ ಜಾರುತ್ತಾರೆ.

ನರ್ಸ್‌ಗಳಿಗೆ, ವೈದ್ಯರಿಗೆ, ಫಿಸಿಯೋಥೆರಪಿಸ್ಟ್‌ಗಳಿಗೆ ಒಇಟಿ ಎಂಬ ಬೇರೆ ಪರೀಕ್ಷೆಯೇ ಇದೆ. 12 ವೈದ್ಯಕೀಯ ವೃತ್ತಿಗಳಿಗೆ ಅದರ ಮಾತು ಮತ್ತು ಬರಹದ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ರೂಪಿಸುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಎರಡನ್ನೂ ಒಪ್ಪುತ್ತದೆ: ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಬರಹದಲ್ಲಿ 6.5, ಉಳಿದ ಮೂರರಲ್ಲಿ 7; ಒಇಟಿ ಆದರೆ ಬರಹದಲ್ಲಿ ಸಿ ಪ್ಲಸ್, ಉಳಿದವುಗಳಲ್ಲಿ ಬಿ ಗ್ರೇಡ್. ಒಇಟಿಯ ಶುಲ್ಕ ಗಣನೀಯವಾಗಿ ಹೆಚ್ಚು. ಆದರೂ ವಾರ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ ನರ್ಸ್‌ಗೆ ನಾನು ಅದನ್ನೇ ಸೂಚಿಸುತ್ತೇನೆ. ಕಾರಣ ಪರೀಕ್ಷೆಯ ಒಳಗೇ ಇದೆ. ಮಾತಿನ ಭಾಗದಲ್ಲಿ ಅಭ್ಯರ್ಥಿಯ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ಓದಿಕೊಂಡು, ರೋಗಿಯ ಪಾತ್ರ ವಹಿಸಿದವರೊಡನೆ ಸುಮಾರು 5 ನಿಮಿಷ ಮಾತಾಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳಲು ಹೆದರುವ ಮಧುಮೇಹಿ ಎದುರಿಗಿದ್ದಾರೆಂದು ಭಾವಿಸಿ. ಅವರ ಭಯವನ್ನು ಮೊದಲು ಕೇಳಿಸಿಕೊಳ್ಳಬೇಕು, ವೈದ್ಯಕೀಯ ಪದಗಳನ್ನು ಬಿಟ್ಟು ಸರಳವಾಗಿ ವಿವರಿಸಬೇಕು, ಅರ್ಥವಾಯಿತೇ ಎಂದು ಪರೀಕ್ಷಿಸಬೇಕು. ಇದೆಲ್ಲ ಆ ನರ್ಸ್ ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ದಿನವೂ ಕನ್ನಡದಲ್ಲಿ, ತುಳುವಿನಲ್ಲಿ ಮಾಡುವ ಕೆಲಸವೇ. ಬರಹದಲ್ಲೂ ಅಷ್ಟೆ, ರೋಗಿಯ ಟಿಪ್ಪಣಿಗಳನ್ನು ನೋಡಿ ಮುಂದಿನ ಆರೈಕೆಯವರಿಗೆ ಒಂದು ಪತ್ರ. ಗೊತ್ತಿರುವ ಕೆಲಸಕ್ಕೆ ಭಾಷೆ ಕಲಿಯುವುದು, ಹವಾಮಾನ ಬದಲಾವಣೆಯ ಬಗ್ಗೆ ಪ್ರಬಂಧ ಬರೆಯಲು ಭಾಷೆ ಕಲಿಯುವುದಕ್ಕಿಂತ ಹಗುರ. ಮೇಲಾಗಿ ಹಾಗೆ ಕಲಿತದ್ದು ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಉಪಯೋಗಕ್ಕೆ ಬರುತ್ತದೆ. ಆಗಷ್ಟೇ ಕೋರ್ಸ್ ಮುಗಿಸಿ, ಯಾವ ದೇಶ ಎಂದು ಇನ್ನೂ ನಿರ್ಧರಿಸದವರ ವಿಷಯ ಬೇರೆ. ಐಇಎಲ್‌ಟಿಎಸ್ ಫಲಿತಾಂಶ 2 ವರ್ಷ ಮಾತ್ರ ಚಾಲ್ತಿಯಲ್ಲಿರುವುದರಿಂದ ಅವರು ಯಾವ ಪರೀಕ್ಷೆಗೂ ಅವಸರಪಡದಿರುವುದೇ ಒಳ್ಳೆಯದು. ಇನ್ನು ಜರ್ಮನಿಗೆ ಹೋಗಬೇಕೆಂದಿರುವ ನರ್ಸ್ ಇಂಗ್ಲಿಷ್ ಕೋಚಿಂಗಿಗೆ ಹಣ ಕಟ್ಟುವುದರಲ್ಲಿ ಅರ್ಥವೇ ಇಲ್ಲ, ಅಲ್ಲಿ ಕೇಳುವುದು ಜರ್ಮನ್ ಭಾಷೆಯ ಪ್ರಮಾಣಪತ್ರವನ್ನು.

ಮದುವೆಯಾಗಿ ಬ್ರಿಟನ್ನಿಗೆ ಹೊರಟವರ ಸಂಗತಿ ಇನ್ನೂ ಸ್ವಾರಸ್ಯಕರ. ಪತಿ ಅಥವಾ ಪತ್ನಿಯಾಗಿ ಹೋಗುವವರಿಗೆ ಅಲ್ಲಿನ ಸರ್ಕಾರ ಆರಂಭದಲ್ಲಿ ಕೇಳುವುದು ಎ1 ಮಟ್ಟ, ಅಂದರೆ ಯುರೋಪಿನ ಭಾಷಾ ಮಾಪನದ ಆರು ಮೆಟ್ಟಿಲುಗಳಲ್ಲಿ ಮೊದಲನೆಯದು. ಅದಕ್ಕಾಗಿರುವ ಲೈಫ್ ಸ್ಕಿಲ್ಸ್ ಪರೀಕ್ಷೆಯಲ್ಲಿ ಕೇಳುವುದು ಮತ್ತು ಮಾತಾಡುವುದು ಮಾತ್ರ ಇದ್ದು, ಓದು ಬರಹದ ಭಾಗವೇ ಇಲ್ಲ. ಫಲಿತಾಂಶ ಪಾಸು ಇಲ್ಲವೇ ಫೇಲು. ಇಂಥವರನ್ನು ಮೂರು ತಿಂಗಳ ಅಕಾಡೆಮಿಕ್ ಕೋಚಿಂಗಿಗೆ ಸೇರಿಸಿಕೊಳ್ಳುವುದು ಅವರ ಅಜ್ಞಾನದ ದುರುಪಯೋಗವೆಂದೇ ಹೇಳಬೇಕು. ತಮ್ಮ ಬಗ್ಗೆ, ಮನೆಯವರ ಬಗ್ಗೆ, ದಿನಚರಿಯ ಬಗ್ಗೆ ಸರಳವಾಗಿ ಮಾತಾಡುವ ಅಭ್ಯಾಸ ಅವರಿಗೆ ಸಾಕು. ವೀಸಾ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಏಜೆಂಟರ ಮಾತಿಗಿಂತ ಆಯಾ ದೇಶದ ಸರ್ಕಾರಿ ಜಾಲತಾಣವನ್ನು, ಹಣ ಕಟ್ಟುವ ದಿನವೇ, ನೋಡಿಕೊಳ್ಳಬೇಕು.

ದೇಶದೊಳಗಿನ ಪರೀಕ್ಷೆಗಳಲ್ಲಿ ಯುಪಿಎಸ್‌ಸಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರೂ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ಶೇ. 25ರಷ್ಟು ಅಂಕ ಪಡೆಯಲೇಬೇಕು. ಇಲ್ಲವಾದರೆ ಉಳಿದ ಉತ್ತರಪತ್ರಿಕೆಗಳ ಮೌಲ್ಯಮಾಪನವೇ ಆಗುವುದಿಲ್ಲ. ಅಲ್ಲಿರುವುದು ಪ್ರಬಂಧ, ಗದ್ಯಭಾಗದ ಗ್ರಹಿಕೆ, ಸಾರಾಂಶ, ಪದಬಳಕೆ. ಒಂದಕ್ಷರವೂ ಮಾತಿಲ್ಲ. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಅಭ್ಯರ್ಥಿ ಸ್ಪೋಕನ್ ಬ್ಯಾಚಿಗೆ ಹೋಗುವ ಬದಲು ಹಳೆಯ ಪ್ರಶ್ನೆಪತ್ರಿಕೆಗಳನ್ನಿಟ್ಟುಕೊಂಡು ವಾರಕ್ಕೆರಡು ಸಾರಾಂಶ ಬರೆದು, ತಿದ್ದಿಕೊಡುವ ಒಬ್ಬ ಅಧ್ಯಾಪಕರನ್ನು ಹುಡುಕಿಕೊಂಡರೆ ಸಾಕು. ಅದಕ್ಕೆ ತದ್ವಿರುದ್ಧ ಉದಾಹರಣೆ ಬೆಂಗಳೂರಿನ ಕಾಲ್ ಸೆಂಟರ್ ಕೆಲಸ. ಅಲ್ಲಿ ವರ್ಸಂಟ್ ಎಂಬ, ಕಂಪ್ಯೂಟರೇ ಅಂಕ ಕೊಡುವ ಮಾತಿನ ಪರೀಕ್ಷೆಯನ್ನು ಅನೇಕ ಕಂಪನಿಗಳು ಬಳಸುತ್ತವೆ. ಕೇಳಿದ ವಾಕ್ಯವನ್ನು ಹಾಗೆಯೇ ಮರಳಿ ಹೇಳುವುದು, ಚೆಲ್ಲಾಪಿಲ್ಲಿಯಾದ ಪದಗಳನ್ನು ವಾಕ್ಯವಾಗಿ ಜೋಡಿಸಿ ಹೇಳುವುದು, ಕೇಳಿದ ಕಥೆಯನ್ನು ಮತ್ತೆ ಹೇಳುವುದು ಅದರ ಭಾಗಗಳು. ಇಲ್ಲಿ ನೋಟ್‌ಬುಕ್ ಮುಚ್ಚಿಟ್ಟು ಕಿವಿ ಮತ್ತು ಬಾಯಿಗೆ ಮಾತ್ರ ಕೆಲಸ ಕೊಡಬೇಕು.

ಪರೀಕ್ಷಾ ಕೋಚಿಂಗ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕೋಚಿಂಗ್ ಪರೀಕ್ಷೆಯ ರೂಪವನ್ನು ಪರಿಚಯಿಸುತ್ತದೆ, ಸಮಯ ಹಂಚಿಕೊಳ್ಳುವುದನ್ನು ಕಲಿಸುತ್ತದೆ. ಇಲ್ಲದ ಇಂಗ್ಲಿಷನ್ನು ಆರು ವಾರಗಳಲ್ಲಿ ತುಂಬಿಕೊಡುವುದಿಲ್ಲ. ಉಚಿತವಾಗಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಮಾಡಿ ನೋಡಿ. ಬೇಕಾದ ಅಂಕಕ್ಕಿಂತ ಅರ್ಧ ಬ್ಯಾಂಡ್ ಕೆಳಗಿದ್ದರೆ ಕೋಚಿಂಗ್ ಸರಿ. ಎರಡು ಬ್ಯಾಂಡ್ ಕೆಳಗಿದ್ದರೆ ಮೊದಲು ಸಾಮಾನ್ಯ ಇಂಗ್ಲಿಷ್ ಪಾಠ, ಆಮೇಲೆ ಕೋಚಿಂಗ್.

ಆ್ಯಪ್, ಎಐ ಮತ್ತು ಸ್ವಂತ ಅಭ್ಯಾಸ

ಆ್ಯಪ್‌ಗಳು ಪದಸಂಪತ್ತಿಗೂ ದಿನದ ರೂಢಿಗೂ ಒಳ್ಳೆಯವು. ಆದರೆ ಲಕ್ಷಾಂತರ ಜನರಿಗಾಗಿ ಒಮ್ಮೆಗೇ ಬರೆದಿಟ್ಟ ಪಾಠಗಳಾದ್ದರಿಂದ ಅವು ನಿಮ್ಮ ಹಾಳೆಯನ್ನು ಓದಿರುವುದಿಲ್ಲ. ಚಾಟ್‌ಜಿಪಿಟಿಯಂಥ ಎಐ ಸಹಾಯಕಗಳ ಮಾತು ಬೇರೆ. ‘ನೀನು ಶಾಲೆಯ ಪ್ರಿನ್ಸಿಪಾಲ್, ನಾನು ಫೀಸು ಕಟ್ಟಲು ಒಂದು ತಿಂಗಳ ಸಮಯ ಕೇಳಲು ಬಂದಿದ್ದೇನೆ, ಇಂಗ್ಲಿಷಿನಲ್ಲಿ ಮಾತಾಡು’ ಎಂದು ಕನ್ನಡದಲ್ಲೇ ಟೈಪಿಸಿದರೂ ಅದು ಪಾತ್ರ ವಹಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಕೂಡ ಬೇಸರಿಸುವುದಿಲ್ಲ, ಅದರ ಮುಂದೆ ನಾಚಿಕೆಯೂ ಇಲ್ಲ. ಅದರ ದೋಷವೆಂದರೆ ಅತಿಯಾದ ಸೌಜನ್ಯ: ಎಂಥ ಮುರುಕು ವಾಕ್ಯವನ್ನೂ ಅರ್ಥಮಾಡಿಕೊಂಡು, ಹೊಗಳಿ, ಮುಂದೆ ಸಾಗುತ್ತದೆ. ನಿಜವಾದ ಪ್ರಿನ್ಸಿಪಾಲರು ಹಾಗಲ್ಲ. ಪ್ರತಿ ಉತ್ತರದ ನಂತರ ಮುಖ್ಯವಾದ ಎರಡು ತಪ್ಪುಗಳನ್ನು ಮಾತ್ರ ಕನ್ನಡದಲ್ಲಿ ತಿಳಿಸಬೇಕೆಂದು ಮೊದಲೇ ಹೇಳಿದರೆ ಉಪಯೋಗ ಹೆಚ್ಚು. ಒನ್ ಟು ಒನ್ ಪಾಠ ವಾರಕ್ಕೊಂದು ಮಾತ್ರ ಕೈಗೆಟುಕುವವರು ಉಳಿದ ದಿನಗಳಿಗೆ ಇದನ್ನು ಇಟ್ಟುಕೊಳ್ಳಬಹುದು. ಪೂರ್ತಿ ಇದನ್ನೇ ನೆಚ್ಚಿದವರು ಮನುಷ್ಯರೆದುರು ಮತ್ತೆ ಮೂಕರಾಗುವ ಸಂಭವವಿದೆ.

ಮಕ್ಕಳ ಓದಿಗಾಗಿ ಇಂಗ್ಲಿಷ್ ಬೇಕೆನ್ನುವ ತಾಯಂದಿರಿಗೆ ಯಾವ ಕೋರ್ಸಿಗಿಂತಲೂ ಮಗುವಿನ ಪಠ್ಯಪುಸ್ತಕವೇ ಮೇಲು. ರಾಜ್ಯದ ಪಠ್ಯಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಮಗು ಶಾಲೆಯಲ್ಲಿ ಮುಂದಿನ ವಾರ ಓದಲಿರುವ ಪಾಠವನ್ನು ಅಮ್ಮ ಈ ವಾರ ಗಟ್ಟಿಯಾಗಿ ಓದಿಕೊಳ್ಳಬೇಕು. ಶಾಲೆಯಿಂದ ವಾಟ್ಸಾಪಿಗೆ ಬರುವ ಸುತ್ತೋಲೆಗಳು, ಡೈರಿಯಲ್ಲಿ ಟೀಚರ್ ಬರೆಯುವ ಸಾಲುಗಳು, ರಜೆ ಕೇಳುವ ಚೀಟಿ ಇವಿಷ್ಟೇ ಪಾಠದ ಸಾಮಗ್ರಿ. ಪೋಷಕರ ಸಭೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗುವುದರಲ್ಲಿ ಸಂಕೋಚವೇನಿಲ್ಲ, ಇಂಗ್ಲಿಷ್ ಚೆನ್ನಾಗಿ ಬರುವವರೂ ಹಾಗೆ ಮಾಡುತ್ತಾರೆ.

ಹೊರದೇಶದಲ್ಲಿ ಈಗಾಗಲೇ ನೆಲೆಸಿರುವ ಕನ್ನಡಿಗರು ಇಲ್ಲಿನ ಆನ್‌ಲೈನ್ ಕ್ಲಾಸುಗಳಿಗೆ ಹಣ ಕಟ್ಟುವ ಮೊದಲು ಅಲ್ಲಿನ ಉಚಿತ ವ್ಯವಸ್ಥೆಯನ್ನು ವಿಚಾರಿಸಬೇಕು. ಕೆನಡಾದಲ್ಲಿ ಕಾಯಂ ನಿವಾಸಿಗಳಿಗೆ ಲಿಂಕ್ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ಮೊದಲು ಮಟ್ಟ ಪರೀಕ್ಷಿಸಿ ಆಮೇಲೆ ತರಗತಿಗೆ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ ಅರ್ಹ ವಲಸಿಗರಿಗೆ 1948ರಿಂದಲೂ ನಡೆದುಬಂದಿರುವ ಎಎಂಇಪಿ ಎಂಬ ಉಚಿತ ಇಂಗ್ಲಿಷ್ ಪಾಠದ ಕಾರ್ಯಕ್ರಮ ಇದೆ. ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸ್ವಯಂಸೇವಕರು ನಡೆಸುವ ಸಂಭಾಷಣಾ ಗುಂಪುಗಳಿರುತ್ತವೆ; ಮಗನ ಮನೆಗೆಂದು ಆರು ತಿಂಗಳಿಗೆ ಹೋದ ಅಪ್ಪ ಅಮ್ಮಂದಿರಿಗೆ ಭಾಷೆಯ ಜೊತೆಗೆ ನಾಲ್ಕು ಜನರ ಪರಿಚಯವೂ ಅಲ್ಲಿ ಸಿಗುತ್ತದೆ.

ಶಿಕ್ಷಕರಿಗೆ ಕನ್ನಡ ಬರಬೇಕೆ?

ಆರಂಭದ ಹಂತದವರಿಗೆ ಖಂಡಿತ ಬರಬೇಕು ಎನ್ನುತ್ತೇನೆ. ‘ವೇರ್ ಯು ಆರ್ ಗೋಯಿಂಗ್?’ ಎಂದು ಕೇಳುವವರ ಮನಸ್ಸಿನಲ್ಲಿ ‘ನೀವು ಎಲ್ಲಿಗೆ ಹೋಗ್ತಿದ್ದೀರಿ’ ಎಂಬ ವಾಕ್ಯ ಇದೆಯೆಂದು, ಕನ್ನಡದಲ್ಲಿ ಪ್ರಶ್ನೆಗಾಗಿ ಪದಗಳ ಜಾಗ ಬದಲಾಗಬೇಕಿಲ್ಲವೆಂದು ಬಲ್ಲ ಶಿಕ್ಷಕರು ಆ ತಪ್ಪನ್ನು ಒಂದು ನಿಮಿಷದಲ್ಲಿ ಬಿಡಿಸುತ್ತಾರೆ. ಬಾರದವರು ‘ರಾಂಗ್’ ಎಂದು ತಿದ್ದಿ ಮುಂದೆ ಹೋಗುತ್ತಾರೆ. ಮಧ್ಯಮ ಹಂತ ದಾಟಿದ ಮೇಲೆ ಕನ್ನಡ ಬಾರದ ಶಿಕ್ಷಕರೇ ಉಪಯುಕ್ತ, ಏಕೆಂದರೆ ಅಲ್ಲಿ ತಪ್ಪಿಸಿಕೊಂಡು ಕನ್ನಡಕ್ಕೆ ಹೊರಳಲು ದಾರಿಯಿರುವುದಿಲ್ಲ. ‘ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ದಂಡ’ ಎಂಬ ನಿಯಮವಿರುವ ಕಡೆಗೆ ಮಾತ್ರ ನಾನು ಯಾರನ್ನೂ ಕಳಿಸುವುದಿಲ್ಲ. ಸಂಸಾರ ನಡೆಸುವ, ಅಂಗಡಿ ನಡೆಸುವ ಮನುಷ್ಯರನ್ನು ಹತ್ತು ರೂಪಾಯಿ ದಂಡದಿಂದ ಕಲಿಸಲು ಹೊರಡುವುದು ಅಗೌರವ.

ಡೆಮೊ ತರಗತಿಯಲ್ಲಿ ನಿಮ್ಮ ಹಾಳೆಯನ್ನು ಶಿಕ್ಷಕರ ಕೈಗೆ ಕೊಟ್ಟು ನೋಡಿ. ಅವರು ಅದನ್ನು ಓದಿ ನಿಮ್ಮನ್ನೇ ಪ್ರಶ್ನೆ ಕೇಳಲು ಆರಂಭಿಸಿದರೆ ಅಲ್ಲಿ ಸೇರಬಹುದು. ‘ಅದೆಲ್ಲ ಆಮೇಲೆ, ಮೊದಲು ಬೇಸಿಕ್ಸ್’ ಎಂದು ಬದಿಗಿಟ್ಟರೆ ಆಲೋಚಿಸಿ.

ಎಷ್ಟು ಕಾಲ, ಎಷ್ಟು ಹಣ

‘30 ದಿನಗಳಲ್ಲಿ ಇಂಗ್ಲಿಷ್’ ಎಂಬ ಫಲಕಗಳ ಪಕ್ಕದಲ್ಲಿ ಇಟ್ಟು ನೋಡಲು ಒಂದು ಅಂದಾಜು ಇದೆ. ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಲೆಕ್ಕದಂತೆ, ಮೊದಲಿನಿಂದ ಆರಂಭಿಸಿದವರು ಯುರೋಪಿನ ಅದೇ ಮಾಪನದ ಎರಡನೆಯ ಮೆಟ್ಟಿಲಾದ ಎ2 ಮಟ್ಟ ಮುಟ್ಟಲು ಸುಮಾರು 180ರಿಂದ 200 ಗಂಟೆ, ಬಿ1ಕ್ಕೆ 350ರಿಂದ 400 ಗಂಟೆ, ಬಿ2ಕ್ಕೆ 500ರಿಂದ 600 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕು. ಅಂದರೆ ಒಂದು ಮೆಟ್ಟಿಲು ಹತ್ತಲು ಸುಮಾರು 150ರಿಂದ 200 ಗಂಟೆ. ದಿನಕ್ಕೆ 1 ಗಂಟೆಯಂತೆ 30 ದಿನಕ್ಕೆ 30 ಗಂಟೆ ಮಾತ್ರ. ಇದು ನಿರಾಶೆಯ ಲೆಕ್ಕವಲ್ಲ. ಇಡೀ ಮೆಟ್ಟಿಲು ಹತ್ತುವುದು ನಿಮ್ಮ ಉದ್ದೇಶವಾಗಿರದಿದ್ದರೆ, ಒಂದೇ ಬಗೆಯ ಇಮೇಲ್, ಒಂದೇ ಸಂದರ್ಶನ, ಒಂದೇ ಕೌಂಟರಿನ ಮಾತುಕತೆಗೆ 30 ಗಂಟೆ ಧಾರಾಳವಾಗಿ ಸಾಕಾಗಬಹುದು. ಬಿ2 ಮಟ್ಟವನ್ನು ಕೇಳುವ ವೀಸಾಕ್ಕೋ ವಿಶ್ವವಿದ್ಯಾಲಯಕ್ಕೋ ಸಿದ್ಧರಾಗುವವರು ಮಾತ್ರ ವರ್ಷದ ಲೆಕ್ಕ ಹಾಕಿಕೊಂಡೇ ಹೊರಡಬೇಕು.

ಹಣದ ವಿಷಯದಲ್ಲಿ, ಆರು ತಿಂಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದರೆ ರಿಯಾಯಿತಿ ಎಂಬ ಕೊಡುಗೆಗೆ ಒಪ್ಪಬೇಡಿ. ತಿಂಗಳು ತಿಂಗಳು ಕಟ್ಟುವ ಏರ್ಪಾಡು ಸ್ವಲ್ಪ ದುಬಾರಿಯಾದರೂ ಬಿಟ್ಟುಬರುವ ಸ್ವಾತಂತ್ರ್ಯ ಇರುತ್ತದೆ. ಮೊದಲ ಪಾಠದ ದಿನ ನಿಮ್ಮ ಉದ್ದೇಶಕ್ಕೆ ಸಂಬಂಧಿಸಿದ ಎರಡು ನಿಮಿಷದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಬರಹವಾದರೆ ಒಂದು ಪುಟ ಬರೆದಿಡಿ. ನಾಲ್ಕು ವಾರಗಳ ನಂತರ ಅದೇ ಮಾತನ್ನು ಮತ್ತೆ ರೆಕಾರ್ಡ್ ಮಾಡಿ ಎರಡನ್ನೂ ಪಕ್ಕಪಕ್ಕದಲ್ಲಿ ಕೇಳಿ. ವ್ಯತ್ಯಾಸ ನಿಮಗೇ ಕೇಳಿಸಿದರೆ ಮುಂದಿನ ತಿಂಗಳಿನ ಶುಲ್ಕ ಕಟ್ಟಿ. ಕೇಳಿಸದಿದ್ದರೆ ಎರಡು ರೆಕಾರ್ಡಿಂಗನ್ನೂ ಶಿಕ್ಷಕರಿಗೆ ಕೇಳಿಸಿ, ಪಾಠದಲ್ಲಿ ಏನನ್ನು ಬದಲಿಸುತ್ತೀರಿ ಎಂದು ಕೇಳಿ. ಸಮಾಧಾನದ ಉತ್ತರ ಬಾರದಿದ್ದರೆ ಬೇರೆ ಬಗೆಯ ಪಾಠಕ್ಕೆ ಹೋಗಿ.